ಮಗುವಿನ ಮಕರಕ್ಕೆ ಬಣ್ಣ ಕೇಳಬೇಡಿ

ಶಾಲೆಗಳ ಪ್ರತಿಭಾ ಕಾರಂಜಿ ಸ್ಪರ್ಧೆಯ ದಿನಗಳು ಬಂದವೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಿ ಡ್ರಾಯಿಂಗ್ ಹಾಳೆಗಳು ಹೊರಬರುತ್ತವೆ. ಗುಡ್ಡ, ಸೂರ್ಯ, ತೆಂಗಿನಮರ ಬರೆದು ಹುಡುಗರು ಸುಮ್ಮನಾಗುವ ಕಾಲ ಹೋಯಿತು. ಈಗ ಒಂದೇ ಕಪ್ಪು ಪೆನ್ನು ಹಿಡಿದು ರೆಕ್ಕೆಯ ಕುದುರೆ, ಎರಡು ತಲೆಯ ಹಕ್ಕಿ, ಆನೆ ಮೋರೆಯ ಸಿಂಹ ಬರೆದು ತಂದು ನಿಮ್ಮ ಮುಂದೆ ಹಿಡಿಯುತ್ತಾರೆ. ನೀವು ಮೊಬೈಲಿನಿಂದ ಅರ್ಧ ಕಣ್ಣೆತ್ತಿ, "ಇದೇನು, ಹಂದಿನೋ ಆನಿನೋ? ಬಣ್ಣ ಯಾಕ ಹಚ್ಚಿಲ್ಲ?" ಅನ್ನುತ್ತೀರಿ. ಮಗು ಹಾಳೆ ಮಡಚಿಕೊಂಡು ಒಳಗೆ ಹೋಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪ್ರೀತಿ ಇಲ್ಲದೆ ಹಾಗಂದವರಲ್ಲ ನೀವು, ನನಗೆ ಗೊತ್ತು. ಆದರೂ ಚಿತ್ರ ನೋಡಿ ಮಾತಾಡುವುದಕ್ಕೆ ಒಂದು ಕ್ರಮವಿದೆ. ಸ್ವಲ್ಪ ಕೂತು ಕೇಳಿ.

ಮೊದಲು ಮೊಬೈಲು ಕೆಳಗಿಡಿ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಬಂದು ನೋಡಿ. ತಕ್ಷಣ ಏನೂ ಹೇಳಬೇಡಿ. ಆಮೇಲೆ ಕೇಳಿ: ಈ ಪ್ರಾಣಿ ಎಲ್ಲಿರುತ್ತದೆ, ಏನು ತಿನ್ನುತ್ತದೆ, ಹಾರುತ್ತದೋ, ಈಜುತ್ತದೋ, ಸಿಟ್ಟು ಬಂದರೆ ಏನು ಮಾಡುತ್ತದೆ? ಮಗು ಹೇಳುವ ಉತ್ತರವೇ ನಿಮಗೆ ಅಳತೆಗೋಲು. ನೀರಲ್ಲಿ ಬದುಕುವ ಪ್ರಾಣಿ ಎಂದರೆ ಅದರ ಕಾಲು ಸಣ್ಣದಿರುವುದು ತಪ್ಪಲ್ಲ. ಹಾರುತ್ತದೆ ಎಂದರೆ ಮಾತ್ರ, "ಇಷ್ಟು ದಪ್ಪ ಮೈ ಎತ್ತುವುದಕ್ಕೆ ಈ ರೆಕ್ಕೆ ಸಾಕಾ?" ಎಂದು ಕೇಳಬಹುದು. ಅಂಥ ಪ್ರಶ್ನೆ ಮಗುವಿಗೆ ನೋಯುವುದಿಲ್ಲ. ಅದು ತಾನೇ ಪೆನ್ಸಿಲ್ ಹುಡುಕುತ್ತದೆ.

"ಇಂಥ ಪ್ರಾಣಿ ಎಲ್ಲೈತಿ?" ಎಂಬ ಮಾತನ್ನಂತೂ ಬಾಯಿಂದ ತೆಗೆಯಲೇಬೇಡಿ. ನಮ್ಮ ಸೀಮೆಯವರು ಈ ಮಾತಾಡುವುದು ಚಂದವಲ್ಲ. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿದ ಇಟಗಿಯಲ್ಲಿ ಮಹಾದೇವ ದೇವಾಲಯವಿದೆಯಲ್ಲ, 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದದ್ದು. ಅಲ್ಲಿಯ ಮಕರ ತೋರಣ ನೋಡಿದ್ದೀರಾ? ಮಕರ ಎಂದರೆ ಆನೆಯ ಸೊಂಡಿಲು, ಮೊಸಳೆಯ ದವಡೆ, ಸಿಂಹದ ಕಾಲು, ಹಂದಿಯ ಕಿವಿ, ಮೀನಿನ ಮೈ, ನವಿಲಿನ ಬಾಲ. ಗುಡಿಗಳಲ್ಲಿ ಕಾಣುವ ಕೀರ್ತಿಮುಖಕ್ಕಂತೂ ಮೈಯೇ ಇಲ್ಲ. ಶಿವನ ಅಪ್ಪಣೆಯಂತೆ ಹಸಿವಿಗೆ ತನ್ನ ಒಡಲನ್ನೇ ತಿಂದು ಮುಖವಾಗಿ ಉಳಿದದ್ದು ಅದು. ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿಯ ವಿಠ್ಠಲ ದೇವಾಲಯದ ಕಂಬಗಳಲ್ಲಿ ಸಿಂಹದಂಥ ಕಲ್ಪನೆಯ ಮೃಗಗಳಾದ ಯಾಳಿಗಳು ಮುಂಗಾಲೆತ್ತಿ ನಿಂತಿವೆ. ನಮ್ಮ ರಾಜ್ಯ ಲಾಂಛನದಲ್ಲಿರುವುದೂ ಎರಡು ತಲೆಯ ಗಂಡಭೇರುಂಡ, ಅದರ ಎರಡೂ ಬದಿಗೆ ಆನೆ ಮೋರೆಯ ಸಿಂಹಗಳು. ಇದನ್ನೆಲ್ಲ ಕೈಮುಗಿದು ನೋಡಿ ಬಂದು, ಮನೆಯ ಮಗು ಬರೆದರೆ ನಗುವುದು ಯಾವ ನ್ಯಾಯ?

ಇನ್ನು ಬಣ್ಣದ ಮಾತು. ಕಿನ್ನಾಳದ ಚಿತ್ರಗಾರರ ಗೊಂಬೆಗಳ ಕೆಂಪು, ಹಳದಿ, ಹಸಿರು ನೋಡಿ ಬೆಳೆದ ಕಣ್ಣು ನಮ್ಮದು. ಬಣ್ಣವಿಲ್ಲದ್ದು ಅರ್ಧ ಕೆಲಸ ಅನಿಸುವುದು ಸಹಜ. ಆದರೆ ಒಂದೇ ಬಣ್ಣದಲ್ಲಿ ಬರೆಯುವುದು ಬೇರೆಯೇ ಕಸುಬು. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಮೋರೇರ ಗುಡ್ಡದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನವರು ಬಂಡೆಯ ಮೇಲೆ ಕೆಮ್ಮಣ್ಣಿನ ಒಂದೇ ಬಣ್ಣದಲ್ಲಿ ಮನುಷ್ಯರನ್ನೂ ಪ್ರಾಣಿಗಳನ್ನೂ ಬರೆದಿದ್ದಾರೆ. ಇವತ್ತಿಗೂ ಗುರುತು ಸಿಗುತ್ತವೆ. ಇಟಗಿಯದೂ ಒಂದೇ ಬಣ್ಣದ ಬಳಪದ ಕಲ್ಲು. ಆ ಮಕರಕ್ಕೆ ಜೀವ ಬಂದದ್ದು ಎಲ್ಲಿ ಆಳ ತೋಡಿದರು, ಎಲ್ಲಿ ಉಬ್ಬು ಬಿಟ್ಟರು ಎಂಬುದರಿಂದ. ಬೆಳಕು ಉಬ್ಬಿನ ಮೇಲೆ ಬೀಳುತ್ತದೆ, ಕತ್ತಲು ತೋಡಿದಲ್ಲಿ ಕೂರುತ್ತದೆ. ಕಾಗದದ ಮೇಲೆ ಮಗು ಪೆನ್ನಿನಿಂದ ಮಾಡಬೇಕಾದದ್ದೂ ಅದನ್ನೇ.

ಹಾಗಾದರೆ ಅಂಥ ಚಿತ್ರದಲ್ಲಿ ನೋಡಬೇಕಾದದ್ದೇನು? ಹಾಳೆಯನ್ನು ಗೋಡೆಗೆ ಆನಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ. ಪ್ರಾಣಿಯ ಹೊರ ಆಕಾರ ತಿಳಿಯುತ್ತದೆಯೇ? ನಮ್ಮ ಗಂಡಭೇರುಂಡವನ್ನು ಒಂದೇ ಶಾಯಿಯಲ್ಲಿ ಸಣ್ಣ ಮುದ್ರೆಯಾಗಿ ಒತ್ತಿದರೂ ಗುರುತು ಸಿಗುವುದು ಅದರ ಹೊರ ಆಕಾರ ಅಷ್ಟು ಸ್ಪಷ್ಟವಾಗಿರುವುದರಿಂದ. ಎಲ್ಲವೂ ಒಂದೇ ಬೂದು ಮುದ್ದೆಯಾಗಿ ಕಂಡರೆ ಕಪ್ಪು ಸಾಲದು, ಇಲ್ಲವೆ ಬಿಳಿ ಬಿಟ್ಟಿಲ್ಲ ಎಂದರ್ಥ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಿ. ಕೊಂಬಿನ ನೆರಳು ಎಡಕ್ಕೆ, ಬಾಲದ ನೆರಳು ಬಲಕ್ಕೆ ಬಿದ್ದಿದ್ದರೆ ಮಗುವೇ ಕಂಡುಕೊಳ್ಳುತ್ತದೆ. ಗೆರೆ ಎಲ್ಲ ಕಡೆ ಒಂದೇ ದಪ್ಪವಿದೆಯೇ ನೋಡಿ. ಹತ್ತಿರದ್ದಕ್ಕೆ, ಭಾರ ಹೊರುವ ಹೊಟ್ಟೆಗೆ, ಪಾದಕ್ಕೆ ಗೆರೆ ದಪ್ಪವಿದ್ದು, ದೂರದ ರೆಕ್ಕೆಗೆ ತೆಳುವಾದರೆ ಚಿತ್ರ ಎದ್ದು ನಿಲ್ಲುತ್ತದೆ. ನೆರಳಿನ ಗೀಟುಗಳು ಮೈಯ ಉರುಟನ್ನು ಅನುಸರಿಸಿ ಬಾಗಬೇಕು. ನೆಟ್ಟಗೆ ಹೊಡೆದರೆ ಮೈ ಚಪ್ಪಟೆ ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯ ಬೆಸುಗೆ. ಕಲ್ಪನೆಯ ಪ್ರಾಣಿ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಕುದುರೆಯ ಬೆನ್ನಿಗೆ ರೆಕ್ಕೆ ಅಂಟಿಸಿಬಿಟ್ಟರೆ ಅದು ಮೊಳೆಗೆ ತೂಗುಹಾಕಿದ ಅಂಗಿಯ ಹಾಗೆ ಜೋತಾಡುತ್ತದೆ. ರೆಕ್ಕೆ ಹುಟ್ಟುವಲ್ಲಿ ಹೆಗಲ ಮೂಳೆ ಬೇಕು, ಮಾಂಸಖಂಡ ಬೇಕು. "ಕೋಳಿ ರೆಕ್ಕೆ ಎಲ್ಲಿ ಶುರುವಾಗ್ತದ, ಹಿತ್ತಲಿಗೆ ಹೋಗಿ ನೋಡಿ ಬಾ" ಎಂದು ಕಳಿಸಿ. ಸೊಂಡಿಲು ಬರೆಯುವ ಮಗು ನಿಜವಾದ ಆನೆಯ ಫೋಟೊ ನೋಡಲಿ. ಇಲ್ಲದ ಪ್ರಾಣಿಯನ್ನು ನಂಬಿಸುವುದಕ್ಕೆ ಇರುವ ಪ್ರಾಣಿಯ ಗುರುತು ಚೆನ್ನಾಗಿರಬೇಕು. ನಮ್ಮ ಶಿಲ್ಪಿಗಳ ಮಕರದಲ್ಲಿ ಸೊಂಡಿಲು ಎಲ್ಲಿ ಮುಗಿದು ದವಡೆ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ.

ಇಷ್ಟು ಹೇಳಿಕೊಟ್ಟೆನೆಂದು ಇದನ್ನೆಲ್ಲ ಒಂದೇ ಸಲ ಮಗುವಿನ ತಲೆಗೆ ಸುರಿಯಬೇಡಿ. ಅತಿಯಾದರೆ ಅಮೃತವೂ ವಿಷ. ಒಂದು ಚಿತ್ರಕ್ಕೆ ಒಂದು ತಿದ್ದುಪಡಿ ಸಾಕು. ಅದಕ್ಕೂ ಮೊದಲು ಚೆನ್ನಾಗಿರುವುದನ್ನು ಹೆಸರಿಟ್ಟು ಹೇಳಿ. "ಚಲೋ ಐತಿ" ಎಂದು ತೇಲಿಸಬೇಡಿ. "ಈ ಉಗುರು ನೆಲ ಕಚ್ಚಿ ಹಿಡಿದದ್ದು ಖರೇನೇ ಕಾಣ್ತದ" ಎನ್ನಿ. ಯಾವುದು ಸರಿಯಾಯಿತು ಎಂದು ಗೊತ್ತಾದರೆ ತಾನೇ ಮಗು ಅದನ್ನು ಮತ್ತೆ ಮಾಡುವುದು? ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗೀಚಿದ್ದನ್ನೆಲ್ಲ ಹೊಗಳಿ ಕೂರುವವರಿಗೂ ನನ್ನದು ಇದೇ ಮಾತು. ಬರೀ ಹೊಗಳಿಕೆ ಕೇಳಿದ ಕೈ ಎರಡು ವರ್ಷವಾದರೂ ಅದೇ ರೆಕ್ಕೆಯನ್ನೇ ಬರೆಯುತ್ತಿರುತ್ತದೆ.

ಮಗುವಿನ ಕೈಯಿಂದ ಪೆನ್ನು ಕಿತ್ತು ಅದರ ಚಿತ್ರದ ಮೇಲೇ ತಿದ್ದಬೇಡಿ. ತೋರಿಸಲೇಬೇಕಿದ್ದರೆ ಬೇರೆ ಹಾಳೆಯಲ್ಲಿ ತೋರಿಸಿ. ಬಂದ ನೆಂಟರ ಮುಂದೆ ಹಾಳೆ ಹಿಡಿದು ನಗಬೇಡಿ. ಪಕ್ಕದ ಮನೆಯ ಹುಡುಗಿಯ ಚಿತ್ರದ ಜೊತೆ ತೂಗಬೇಡಿ. ತೂಗುವುದಿದ್ದರೆ ಇದೇ ಮಗು ಹೋದ ವರ್ಷ ಬರೆದದ್ದನ್ನು ತೆಗೆದು ಪಕ್ಕಕ್ಕಿಡಿ. ಅದಕ್ಕಾಗಿಯೇ ಹಳೆಯ ಹಾಳೆಗಳನ್ನು ರದ್ದಿಗೆ ಹಾಕಬಾರದು, ಹಿಂದೆ ತಾರೀಖು ಬರೆದು ಇಡಬೇಕು. ಪೆನ್ನಿನ ಗೆರೆ ಅಳಿಸಲು ಬರುವುದಿಲ್ಲ, ಆದ್ದರಿಂದ "ಮತ್ತೆ ಬರಿ" ಎಂದು ಶಿಕ್ಷೆ ಕೊಡಬೇಡಿ. ಹೇಳಿದ ಮಾತು ಮುಂದಿನ ಚಿತ್ರಕ್ಕೆ ಇರಲಿ. ಐದಾರು ವರ್ಷದ ಕೂಸಾದರೆ ತಿದ್ದುವ ಗೊಡವೆಯೇ ಬೇಡ, ಕತೆ ಕೇಳಿದರೆ ಸಾಕು. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಕೂರುವ ಹುಡುಗರಿಗಾದರೆ ಸ್ವಲ್ಪ ಬಿಗಿಯಾಗಿಯೇ ಹೇಳಿ, ಅವರಿಗೆ ಅದು ಬೇಕು.

ರಜೆ ಸಿಕ್ಕಾಗ ಮಕ್ಕಳನ್ನು ಇಟಗಿಗೆ ಕರೆದುಕೊಂಡು ಹೋಗಿ. ಬಿಸಿಲು ಓರೆಯಾಗಿ ಬೀಳುವ ಮುಂಜಾನೆಯೇ ಹೋಗಿ, ನಡುಹಗಲಲ್ಲಿ ಹೊರಗೋಡೆಯ ಕೆತ್ತನೆಯ ನೆರಳು ಅಷ್ಟು ಚೆನ್ನಾಗಿ ಕಾಣದು. ಬುತ್ತಿಯ ಜೊತೆ ಹಾಳೆ, ಪೆನ್ಸಿಲ್ಲು ಇರಲಿ. ಮಗು ಮಕರದ ಮುಂದೆ ಕೂತು ಬರೆಯುತ್ತಿರುವಾಗ "ಬಸ್ ಹೋಗ್ತದ, ಏಳು" ಎಂದು ಅವಸರ ಮಾಡಬೇಡಿ, ಮುಂದಿನ ಬಸ್ಸಿಗೆ ಬಂದರಾಯಿತು.