ಸರಪಳಿ ಮದ್ದಲ್ಲ

ಗೆರಸೇನರ ನಾಡಿನಲ್ಲಿ ಸಮಾಧಿಗಳ ನಡುವೆ ಅಲೆಯುತ್ತಿದ್ದ ಒಬ್ಬನನ್ನು ಜನರು ಸರಪಳಿಯಿಂದ ಕಟ್ಟಿದ್ದರು. ಯೇಸುಸ್ವಾಮಿ ಅವನನ್ನು ಹೆಸರು ಕೇಳಿ ಮಾತಾಡಿಸಿದರು. ಸ್ವಸ್ಥನಾದ ಮೇಲೆ ಮನೆಯವರ ಬಳಿಗೆ ಕಳುಹಿಸಿದರು.

ಸರಪಳಿ ಮಾತ್ರ ಇನ್ನೂ ನಮ್ಮನ್ನು ಬಿಟ್ಟಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. ಕಟ್ಟಿಹಾಕಿದ್ದರಿಂದ ಅವರಿಗೆ ಓಡಲಾಗಲಿಲ್ಲ. ಅಲ್ಲಿನ ದರ್ಗಾದಲ್ಲಿ ಗುಣವಾದೀತೆಂದು ನಂಬಿ ಮನೆಯವರು ರೋಗಿಗಳನ್ನು ಆ ಊರಿಗೆ ಕರೆತರುತ್ತಿದ್ದರು.

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ರೋಗಿಗೆ ಯಾವ ರೀತಿಯಲ್ಲೂ ಸರಪಳಿ ಹಾಕಬಾರದೆನ್ನುತ್ತದೆ. ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ನಡೆಸುವಂತಿಲ್ಲ. ವಯಸ್ಕರು ಯಾರೇ ಆಗಲಿ, ಮುಂದೆ ಕಾಯಿಲೆ ಬಂದರೆ ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡಬಹುದು. ನಂಬಿಕೆಯ ಒಬ್ಬರನ್ನು ಪ್ರತಿನಿಧಿಯಾಗಿ ನೇಮಿಸಬಹುದು. ರೋಗ ಉಲ್ಬಣಿಸಿ ತಾವೇ ನಿರ್ಧರಿಸಲಾಗದಾಗ ಆ ಪ್ರತಿನಿಧಿ ಕೋರಿದರೆ, ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿದ ನಂತರವೇ ಆಸ್ಪತ್ರೆಗೆ ಸೇರಿಸಬಹುದು. ಅದೂ ಮೊದಲಿಗೆ 30 ದಿನದ ಮಿತಿಯಲ್ಲಿ. ಅನ್ಯಾಯವಾಯಿತೆನಿಸಿದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬಹುದು. ಕಾನೂನು ನೆರವು ಉಚಿತ.

ರೋಗಿಯನ್ನು ನೋಡಿಕೊಳ್ಳುವ ತಾಯಂದಿರ ದಣಿವು ಸಣ್ಣದಲ್ಲ. ಹಾಗೆಂದು ಕೋಣೆಗೆ ಬೀಗ ಹಾಕಿದರೆ ಕಾಯಿಲೆ ವಾಸಿಯಾಗದು. ಪ್ರಾರ್ಥಿಸೋಣ, ಜೊತೆಗೆ ವೈದ್ಯರ ಬಳಿಗೂ ಹೋಗೋಣ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ.

ಕುಟುಂಬದಲ್ಲಿ ಚರ್ಚಿಸಿ: ನಮ್ಮ ಧರ್ಮಕೇಂದ್ರದಲ್ಲಿ ಬೀಗದ ಹಿಂದೆ ಯಾರಾದರೂ ಇದ್ದಾರೆಯೇ? ಅವರನ್ನು ನಾವು ಹೆಸರು ಹಿಡಿದು ಮಾತಾಡಿಸಿ ಎಷ್ಟು ದಿನವಾಯಿತು?