ಶೂ ಕಾಲಿಗೆ, ಬಳಗ ಉಸಿರಿಗೆ

ಪ್ರಶ್ನೆ: ನನಗೆ 44 ವರ್ಷ, ಶಿಕ್ಷಕಿ. ಬಹಳ ದಿನಗಳಿಂದ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುತ್ತಿದ್ದೇನೆ, ಈಚೆಗೆ ನಡುನಡುವೆ ಓಡುತ್ತಲೂ ಇದ್ದೇನೆ. ನಮ್ಮ ಬಡಾವಣೆಯ ಓಟದ ಗುಂಪಿನವರು ಭಾನುವಾರ ಬೆಳಿಗ್ಗೆ ಬನ್ನಿ ಎಂದು ಕರೆಯುತ್ತಿದ್ದಾರೆ. ಶೂ ಕೊಳ್ಳಲು ಹೋದರೆ ಅಂಗಡಿಯವರು ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿ, "ನಿಮ್ಮದು ಚಪ್ಪಟೆ ಪಾದ, ಸಪೋರ್ಟ್ ಶೂನೇ ಬೇಕು" ಎಂದು ದುಬಾರಿ ಜೋಡಿಯೊಂದನ್ನು ಮುಂದಿಟ್ಟರು. ಗುಂಪಿನಲ್ಲಿ ಒಬ್ಬರು ಕಾರ್ಬನ್ ಪ್ಲೇಟಿನ ಶೂ ತಗೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಬರಿಗಾಲೇ ಮೇಲು ಎನ್ನುತ್ತಾರೆ. ಯಾರ ಮಾತು ಕೇಳಲಿ? ಗುಂಪಿಗೆ ಸೇರಲೇ?
— ಓದುಗರು, ಮೈಸೂರು

ಉತ್ತರ: ಮೂವರಲ್ಲಿ ಯಾರ ಮಾತನ್ನೂ ಪೂರ್ತಿ ಕೇಳಬೇಕಾಗಿಲ್ಲ, ಮೇಡಂ. ಗುಂಪಿಗೆ ಖಂಡಿತ ಸೇರಿ. ಆದರೆ ನಿಮ್ಮ ಕಾಲಿಗೆ ಪೆಟ್ಟು ಬೀಳುವುದಿದ್ದರೆ ಅದು ಶೂನಿಂದ ಬೀಳುವುದಕ್ಕಿಂತ ಆ ಭಾನುವಾರದ ಹುಮ್ಮಸ್ಸಿನಿಂದ ಬೀಳುವ ಸಂಭವವೇ ಹೆಚ್ಚು. ಅದನ್ನು ಆಮೇಲೆ ಹೇಳುತ್ತೇನೆ. ದುಡ್ಡು ಖರ್ಚಾಗುವ ಮಾತು ಮೊದಲು.

ಪಾದದ ಕಮಾನು ನೋಡಿ ಶೂ ಆರಿಸಿಕೊಡುವುದು ಅಂಗಡಿಗಳಲ್ಲಿ ಹಳೆಯ ಪದ್ಧತಿ. ಕೇಳಲು ತರ್ಕಬದ್ಧವಾಗಿಯೇ ಇದೆ. ಅಮೆರಿಕದ ಭೂಸೇನೆ, ವಾಯುಪಡೆ ಮತ್ತು ಮರೀನ್ ಪಡೆಗಳು ಇದನ್ನು ಪರೀಕ್ಷೆಗೇ ಒಡ್ಡಿದವು. ತರಬೇತಿಗೆ ಬಂದ ಸಾವಿರಾರು ಜನರಲ್ಲಿ ಅರ್ಧದಷ್ಟು ಮಂದಿಗೆ ಪಾದದ ಆಕಾರಕ್ಕೆ ತಕ್ಕ ಶೂ ಕೊಟ್ಟು, ಉಳಿದವರಿಗೆಲ್ಲ ಒಂದೇ ಬಗೆಯ ಶೂ ತೊಡಿಸಿದರು. 2009–10ರ ಸುಮಾರಿಗೆ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಕಡೆಯವರ ಗಾಯಗಳ ಲೆಕ್ಕ ಹೆಚ್ಚುಕಡಿಮೆ ಒಂದೇ ಆಗಿತ್ತು. ಇದಕ್ಕೊಂದು ತಿದ್ದುಪಡಿಯೂ ಉಂಟು: ಪಾದ ಒಳಮುಖವಾಗಿ ಬಾಗಿರುವವರಿಗೆ ಸಪೋರ್ಟ್ ಶೂ ನೆರವಾಗುತ್ತದೆಂದು ಲಕ್ಸೆಂಬರ್ಗಿನ ಒಂದು ಅಧ್ಯಯನ 2016ರಲ್ಲಿ ಕಂಡಿತು. ಹಾಗಾಗಿ ಅಂಗಡಿಯವರ ಮಾತು ಸುಳ್ಳೆನ್ನಲಾರೆ. ಆದರೆ "ಇದೇ ಬೇಕು" ಎನ್ನುವಷ್ಟು ಗಟ್ಟಿ ಆಧಾರ ಅದಕ್ಕಿಲ್ಲ. ನೀವು ಇಷ್ಟು ಕಾಲ ನೋವಿಲ್ಲದೆ ನಡೆದಿದ್ದರೆ ಚಪ್ಪಟೆ ಪಾದವನ್ನು ರೋಗವೆಂದು ಎಣಿಸಬೇಡಿ.

ಹಾಗಾದರೆ ಆರಿಸುವುದು ಹೇಗೆ? ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೋ ನಿಗ್ ಓಟಗಾರರ ಹೆಜ್ಜೆಯನ್ನೇ ದಶಕಗಳ ಕಾಲ ಅಳೆದವರು. ಹಾಕಿಕೊಂಡ ಕೂಡಲೇ ಹಿತವೆನಿಸುವ ಶೂ ಆರಿಸಿಕೊಳ್ಳಿ ಎಂದು 2015ರಲ್ಲಿ ಅವರೂ ಅವರ ಸಂಗಡಿಗರೂ ವಾದಿಸಿದರು. ಅಷ್ಟೆಲ್ಲ ಅಳತೆ ಮಾಡಿ ತಲುಪಿದ್ದು ನಮ್ಮಜ್ಜಿಯೂ ಹೇಳಬಹುದಾಗಿದ್ದ ಮಾತಿಗೆ! ಆದರೂ ಹಿತವನ್ನು ಪರೀಕ್ಷಿಸುವುದಕ್ಕೆ ಒಂದು ಕ್ರಮವಿದೆ. ಸಂಜೆ ಹೊತ್ತು ಹೋಗಿ, ದಿನವಿಡೀ ನಿಂತು ಪಾಠ ಮಾಡಿದ ಕಾಲು ಆಗ ಕೊಂಚ ಊದಿರುತ್ತದೆ, ಓಡುವಾಗಲೂ ಅದು ಹಾಗೆಯೇ ಊದುವುದು. ಓಡುವಾಗ ತೊಡುವ ಸಾಕ್ಸನ್ನೇ ಒಯ್ಯಿರಿ. ಎರಡೂ ಕಾಲಿಗೆ ಹಾಕಿ ಎದ್ದು ನಿಲ್ಲಿ. ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು, ಹಿಮ್ಮಡಿ ಜಾರಬಾರದು. ಸಾಧ್ಯವಾದರೆ ಅಂಗಡಿಯ ಮುಂದೆ ನಾಲ್ಕು ಹೆಜ್ಜೆ ಓಡಿಯೂ ನೋಡಿ. "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ" ಎಂದು ಅಂಗಡಿಯವರು ಹೇಳಿದರೆ ಆ ಜೋಡಿಯನ್ನು ಅಲ್ಲೇ ಬಿಟ್ಟು ಬನ್ನಿ.

ನಮ್ಮಲ್ಲಿ ಹೆಚ್ಚು ಜನ ಎಡವುವುದು ಅಗಲದಲ್ಲಿ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021–22ರಲ್ಲಿ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ಭಾರತೀಯರ ಪಾದ ಯುರೋಪ್, ಅಮೆರಿಕದವರದಕ್ಕಿಂತ ಅಗಲ ಎಂದು ಕಂಡುಕೊಂಡಿತು. ನಮಗೇ ಹೊಂದುವ 'ಭಾ' ಎಂಬ ಅಳತೆಯ ಪ್ರಸ್ತಾಪ ಹುಟ್ಟಿದ್ದು ಅದರಿಂದಲೇ. ಅಗಲ ಸಾಲದೆ ಹೋದಾಗ ನಾವು ಒಂದು ಸೈಜ್ ದೊಡ್ಡದು ತರುತ್ತೇವೆ. ಆಗ ಉದ್ದ ಹೆಚ್ಚಾಗಿ ಪಾದ ಒಳಗೇ ಮುಂದಕ್ಕೂ ಹಿಂದಕ್ಕೂ ಜಾರಿ ಉಗುರು ಕಪ್ಪಾಗುತ್ತದೆ. ಅದರ ಬದಲು ಅದೇ ಮಾದರಿಯಲ್ಲಿ 'ವೈಡ್' ಇದೆಯೇ ಎಂದು ಕೇಳಿ. ಕೆಲವು ಕಂಪನಿಗಳು ಡಬ್ಬದ ಮೇಲೆ 2ಇ, 4ಇ ಎಂದೂ ಬರೆದಿರುತ್ತವೆ. ಮಹಿಳೆಯರ ಮಾದರಿಗಳು ಸಾಮಾನ್ಯವಾಗಿ ಇನ್ನೂ ಕಿರಿದು, ಗಂಡಸರ ಸಾಲಿನಲ್ಲಿ ನಿಮ್ಮ ಕಾಲಿಗೆ ಕೂರುವುದು ಸಿಕ್ಕರೆ ಸಂಕೋಚಪಡಬೇಡಿ. ಹೋದ ವರ್ಷದ ಮಾದರಿ ರಿಯಾಯಿತಿಯಲ್ಲಿದ್ದರೆ ಅದೇ ಸಾಕು.

ಕಾರ್ಬನ್ ಪ್ಲೇಟಿನ ಶೂ ಪುರಾಣ ಬೇರೆಯೇ. 2017ರಲ್ಲಿ ನೈಕಿ ಕಂಪನಿಯ ಇಂಥದೇ ಶೂ ವೇಪರ್‌ಫ್ಲೈ ಬಂದ ಮೇಲೆ ಮ್ಯಾರಥಾನ್ ದಾಖಲೆಗಳು ಮುರಿದ ವೇಗ ನೋಡಿ, ರಸ್ತೆ ಓಟದ ಶೂ ಅಟ್ಟೆ 40 ಮಿಲಿಮೀಟರ್ ದಪ್ಪ ಮೀರಬಾರದೆಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ನಿಯಮವನ್ನೇ ತಂದಿತು. ಆದರೆ ಅದರ ಲಾಭ ವೇಗವಾಗಿ ಓಡುವವರಿಗೇ ಹೆಚ್ಚು, ವೇಗ ಇಳಿದಂತೆ ಅದೂ ಕುಗ್ಗುತ್ತದೆ. ಬೆಲೆ ಜಾಸ್ತಿ, ಬಾಳಿಕೆ ಕಡಿಮೆ. ನಿಮಗೆ ಬೇಡ.

ಇನ್ನು ಬರಿಗಾಲು. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲೇ ಗೆದ್ದರು. ಬರಿಗಾಲ ಓಟಕ್ಕೆ ಹೆಸರಾದ ನಮ್ಮ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿ ಸ್ಥಾಪಿಸಿದ ರಾಷ್ಟ್ರೀಯ ದಾಖಲೆ ದಶಕಗಟ್ಟಲೆ ಅಲುಗಲಿಲ್ಲ. ಅವರಿಬ್ಬರ ಪಾದಗಳು ಎಳವೆಯಿಂದ ಹಾಗೆ ಪಳಗಿದ್ದವು. ವಾರವಿಡೀ ಚಪ್ಪಲಿಯಲ್ಲಿದ್ದ ಕಾಲು ಭಾನುವಾರ ಏಕಾಏಕಿ ಡಾಂಬರಿನ ಮೇಲೆ ಓಡಿದರೆ ಮೀನಖಂಡ ಮಾರನೆಯ ದಿನ ಮೆಟ್ಟಿಲಿಳಿಯಲು ಬಿಡುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರಂತೂ ಈ ಪ್ರಯೋಗಕ್ಕೆ ಕೈ ಹಾಕಲೇಬಾರದು.

ಒಂದು ಜೋಡಿ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ಮಳೆಯಲ್ಲಿ ನೆಂದರೆ ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಹೊಸದು ಬಂತೆಂದು ಹಳೆಯದನ್ನು ಕೂಡಲೇ ಎಸೆಯದೆ ಕೆಲವು ವಾರ ಎರಡನ್ನೂ ಬದಲಾಯಿಸಿ ತೊಡುವುದು ಕಾಲಿಗೆ ಒಳ್ಳೆಯದು.

ಈಗ ಭಾನುವಾರಕ್ಕೆ ಬರೋಣ. ಒಂಟಿಯಾಗಿ ಓಡುವಾಗ ಏದುಸಿರು ಬಂದರೆ ನಿಲ್ಲುತ್ತೀರಿ, ಹತ್ತು ಜನರ ನಡುವೆ ನಿಲ್ಲಲು ಮನಸ್ಸು ಒಪ್ಪುವುದಿಲ್ಲ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹುರಿಗೊಳ್ಳುತ್ತವೆ, ಸ್ನಾಯುರಜ್ಜು ಮೂಳೆಗಳಿಗೆ ತಿಂಗಳುಗಳೇ ಬೇಕು. ಉಸಿರು "ಆಗುತ್ತೆ" ಎನ್ನುವಾಗ ಕಾಲು ಇನ್ನೂ ತಯಾರಾಗಿರುವುದಿಲ್ಲ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ ಐದು ಸಾವಿರಕ್ಕೂ ಹೆಚ್ಚು ಓಟಗಾರರನ್ನು ಗಮನಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನ ಒಂದೇ ದಿನದ ಹುಮ್ಮಸ್ಸಿನ ಬೆಲೆಯನ್ನು ಚೆನ್ನಾಗಿ ತೋರಿಸಿತು. ಹಿಂದಿನ 30 ದಿನಗಳ ಅತಿ ದೂರದ ಓಟಕ್ಕಿಂತ ಶೇ 10ಕ್ಕೂ ಹೆಚ್ಚು ದೂರವನ್ನು ಒಂದೇ ಸಲಕ್ಕೆ ಓಡಿದವರಲ್ಲಿ ಗಾಯ ಎದ್ದು ಕಾಣುವಷ್ಟು ಹೆಚ್ಚಿತು. ವಾರದ ಒಟ್ಟು ದೂರ ಹೆಚ್ಚಿದ್ದಕ್ಕೆ ಅಂಥ ನಂಟು ಕಾಣಲಿಲ್ಲ.

ಆದ್ದರಿಂದ ಗುಂಪಿನವರನ್ನು ಮೊದಲೇ ಕೇಳಿ: ನಿಧಾನವಾಗಿ ಓಡುವವರು ಬೇರೆ ಸಾಲಾಗಿ ಓಡುತ್ತಾರೆಯೇ? ಕೊನೆಯವರ ಜೊತೆ ಯಾರಾದರೂ ಉಳಿಯುತ್ತಾರೆಯೇ? ನಡುವೆ ನಡೆದರೆ ಸರಿಯೇ? ಮೂರಕ್ಕೂ ನಗುತ್ತಾ ಹೌದೆಂದರೆ ಅದು ಒಳ್ಳೆಯ ಬಳಗ. ಬೆಳಕು ಹರಿಯುವ ಮುನ್ನ ಖಾಲಿ ರಸ್ತೆ, ಬೀದಿನಾಯಿ, ಅತಿವೇಗದ ಬೈಕುಗಳ ನಡುವೆ ಜೊತೆಯಲ್ಲಿ ನಾಲ್ಕು ಜನರಿರುವುದಕ್ಕಿಂತ ದೊಡ್ಡ ರಕ್ಷಣೆ ಯಾವ ಶೂನಲ್ಲೂ ಇಲ್ಲ. ಮಹಿಳೆಯರಿಗಂತೂ ಇದೊಂದೇ ಕಾರಣ ಸಾಕು. ಜೊತೆಗಿರುವವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾ ಓಡಲು ಆಗುವುದೇ ನಿಮ್ಮ ವೇಗ. ಮಾತು ತುಂಡಾಯಿತೆಂದರೆ ನಡೆಯಿರಿ. ಬಿ.ಪಿ. ಅಥವಾ ಎದೆನೋವಿನ ತೊಂದರೆಯಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಚಾಮುಂಡಿ ಬೆಟ್ಟದ ರಸ್ತೆಯನ್ನು ಕೆಲವು ತಿಂಗಳು ಮುಟ್ಟಬೇಡಿ. ಏರುವಾಗ ಉಸಿರು ಕಟ್ಟೀತು, ಅದಾದರೂ ತಾನಾಗಿ ನಿಲ್ಲಿಸುತ್ತದೆ. ಇಳಿಯುವಾಗ ಏನೂ ಅನ್ನಿಸದೆ ತೊಡೆ, ಮಂಡಿಗೆ ಏಟು ಬೀಳುತ್ತದೆ.

ಈ ತಿಂಗಳಲ್ಲಿ ನೀವು ಓಡಿ ನಡೆದು ಮುಗಿಸಿದ ಅತಿ ದೂರ 4 ಕಿ.ಮೀ. ಎಂದುಕೊಳ್ಳಿ. ಗುಂಪು 10 ಕಿ.ಮೀ. ಹೊರಟರೂ ನೀವು ಎರಡು ದಾಟಿದ ಕೂಡಲೇ ಹಿಂತಿರುಗಿ, ಇದನ್ನು ಹಿಂದಿನ ರಾತ್ರಿಯೇ ವಾಟ್ಸಾಪ್‌ನಲ್ಲಿ ಬರೆದುಬಿಡಿ. ಅವರೆಲ್ಲ ಕೊನೆಗೆ ದೋಸೆಗೆ ಕೂರುವ ಹೋಟೆಲ್ ಯಾವುದೆಂದೂ ಆಗಲೇ ಕೇಳಿಟ್ಟುಕೊಂಡರೆ, ಅವರಿಗಿಂತ ಮುಂಚೆ ಹೋಗಿ ಜಾಗ ಹಿಡಿದಿರಬಹುದು.