ಶರದೃತುವಿನ ಪಥ್ಯ ಮತ್ತು ಅಡುಗೆಮನೆ

ಮಳೆಗಾಲದಲ್ಲಿ ಸಂಚಯಗೊಂಡ ಪಿತ್ತವು ಆಶ್ವಯುಜ, ಕಾರ್ತಿಕ ಮಾಸಗಳ ಬಿಸಿಲಿಗೆ ಪ್ರಕೋಪಗೊಳ್ಳುತ್ತದೆ. ಕಣ್ಣುರಿ, ಹುಳಿತೇಗು, ಸಿಡುಕು ಅದರ ಲಕ್ಷಣಗಳು. ಆದ್ದರಿಂದ ಶರದೃತುವಿನಲ್ಲಿ ಹಳೆಯ ಅಕ್ಕಿ, ಹೆಸರುಬೇಳೆ, ತುಪ್ಪ, ಹಾಗಲಕಾಯಿ ಪಥ್ಯವೆಂದು ನಾವು ರೋಗಿಗಳಿಗೆ ಬರೆದುಕೊಡುತ್ತ ಬಂದಿದ್ದೇವೆ.

ಒಮ್ಮೆ ನಮ್ಮ ಮನೆಯಲ್ಲೇ ಹಾಗಲಕಾಯಿ ಪಲ್ಯ ಕಹಿಯಾಯಿತೆಂದು ತಟ್ಟೆ ಸರಿಸಿದೆವು. ಮನೆಯವರು ಮರುಮಾತಾಡಲಿಲ್ಲ. ಆಮೇಲೆ ನೀರಿಗೆಂದು ಅಡುಗೆಮನೆಗೆ ಹೋದಾಗ ಕಂಡೆವು: ಗಂಟೆ ಮೂರಾಗಿತ್ತು, ಅವರ ಊಟ ಇನ್ನೂ ಆಗಿರಲಿಲ್ಲ, ಕಣ್ಣುಗಳು ಕೆಂಪಾಗಿದ್ದವು. ಬಿಸಿಲಿನೊಡನೆ ಒಲೆಯ ಉರಿ, ಅದರ ಮೇಲೆ ತಡೆದ ಹಸಿವು. ಪಿತ್ತ ಕೆರಳಲು ಬೇರೆ ಕಾರಣ ಬೇಕೆ? ಊರಿನವರ ನಾಡಿ ಹಿಡಿದ ನಮಗೆ ಇದು ಕಂಡಿರಲಿಲ್ಲ.

ಕೃತಜ್ಞತೆ ಸಲ್ಲಿಸಲು ಇಚ್ಛಿಸುವ ಸದ್ಭಕ್ತರು ಅಡುಗೆ ಮಾಡಿದವರನ್ನು ಹೊತ್ತಿಗೆ ಸರಿಯಾಗಿ ಜೊತೆಗೆ ಕೂರಿಸಿಕೊಳ್ಳಬೇಕು. ಮೊದಲ ಚಮಚ ತುಪ್ಪ ಅವರ ಅನ್ನಕ್ಕೆ ಬೀಳಲಿ. ನಮ್ಮ ಮನೆಯಲ್ಲಿ ಈಗ ಬಡಿಸುವ ಪಾಳಿ ನಮ್ಮದು.